ಒಬ್ಬರ ಭಾವ ಇನ್ನೊಬ್ಬರಿಗೆ ದಾಟುವುದನ್ನು ಇಇಜಿಯಲ್ಲಿ ಅಳೆಯುವುದು ಹೇಗೆ

ಇಬ್ಬರ ತಲೆಗೂ ಏಕಕಾಲಕ್ಕೆ ಇಇಜಿ (ತಲೆಯ ಮೇಲಿಟ್ಟ ಎಲೆಕ್ಟ್ರೋಡುಗಳಿಂದ ಮಿದುಳಿನ ವಿದ್ಯುತ್ತನ್ನು ದಾಖಲಿಸುವ ವಿಧಾನ) ಟೋಪಿ ತೊಡಿಸಿ, ಒಬ್ಬರಲ್ಲಿ ಹುಟ್ಟಿದ ಸಂತೋಷವೋ ದುಃಖವೋ ಇನ್ನೊಬ್ಬರಿಗೆ ದಾಟುವುದನ್ನು ಮಿದುಳಿನ ವಿದ್ಯುತ್ ಅಲೆಗಳಲ್ಲಿ ಹುಡುಕುವ ಪ್ರಯೋಗವನ್ನು ಕಟ್ಟುವ ಬಗೆಯನ್ನು ಈ ಬರಹ ವಿವರಿಸುತ್ತದೆ. ಮನಃಶಾಸ್ತ್ರ, ನರವಿಜ್ಞಾನ ಅಥವಾ ಬಯೋಮೆಡಿಕಲ್ ಎಂಜಿನಿಯರಿಂಗ್ ವಿಷಯಗಳಲ್ಲಿ ಸ್ನಾತಕೋತ್ತರ ಓದು ನಡೆಸುತ್ತಿರುವವರನ್ನೂ ಅವರಿಗೆ ಮಾರ್ಗದರ್ಶನ ಮಾಡುವ ಅಧ್ಯಾಪಕರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಒಬ್ಬ ವ್ಯಕ್ತಿಯ ಇಇಜಿಯನ್ನು ಒಮ್ಮೆಯಾದರೂ ದಾಖಲಿಸಿದ ಅನುಭವ ಓದುಗರಿಗೆ ಇದೆ ಎಂದು ಭಾವಿಸಿದ್ದೇನೆ. ಇಲ್ಲದಿದ್ದರೆ ಅದನ್ನು ಮೊದಲು ಕಲಿತು ನಂತರ ಇಲ್ಲಿಗೆ ಬರುವುದು ಒಳ್ಳೆಯದು, ಏಕೆಂದರೆ ಒಬ್ಬರ ದಾಖಲೆಯಲ್ಲಿ ನುಸುಳುವ ದೋಷ ಇಬ್ಬರ ದಾಖಲೆಯಲ್ಲಿ ಎರಡು ಪಟ್ಟಾಗುವುದು ಮಾತ್ರವಲ್ಲ, ಕೆಲವೊಮ್ಮೆ ಅದೇ ಫಲಿತಾಂಶದ ವೇಷ ತೊಟ್ಟು ಎದುರಿಗೆ ನಿಲ್ಲುತ್ತದೆ.

ಹೊಂದಿಕೆಯಾದ ಅಲೆಗಳೆಲ್ಲ ಭಾವಸಂಕ್ರಮಣವಲ್ಲ

ಹ್ಯಾನ್ಸ್ ಬರ್ಗರ್ ಜರ್ಮನಿಯ ಯೇನಾದಲ್ಲಿ 1924ರಲ್ಲಿ ಮನುಷ್ಯನ ಮೊದಲ ಇಇಜಿಯನ್ನು ದಾಖಲಿಸಿ 1929ರಲ್ಲಿ ಅದನ್ನು ಪ್ರಕಟಿಸಿದ ಮೇಲೆ, ಇಬ್ಬರ ಮಿದುಳನ್ನು ಒಟ್ಟಿಗೆ ಅಳೆಯುವ ಆಸೆ ಹುಟ್ಟಲು ಹೆಚ್ಚು ಕಾಲ ಬೇಕಾಗಲಿಲ್ಲ. 1965ರಲ್ಲಿಯೇ, ಒಬ್ಬರು ಕಣ್ಣು ಮುಚ್ಚಿದಾಗ ಬೇರೊಂದು ಕೋಣೆಯಲ್ಲಿದ್ದ ಅವರ ಅವಳಿಯ ಮಿದುಳಿನಲ್ಲಿಯೂ ಆಲ್ಫಾ ಅಲೆ (ಕಣ್ಣು ಮುಚ್ಚಿ ವಿಶ್ರಾಂತಿಯಲ್ಲಿರುವಾಗ ಹೆಚ್ಚಾಗುವ ಮಿದುಳಿನ ಅಲೆ) ಏಳುತ್ತದೆ ಎಂಬ ವರದಿಯೊಂದು ಪ್ರಕಟವಾಯಿತು. ಅದರ ವಿಧಾನವನ್ನು ಇತರ ವಿಜ್ಞಾನಿಗಳು ಕಟುವಾಗಿ ಟೀಕಿಸಿದರು. ಇಂದು ಹೈಪರ್‌ಸ್ಕ್ಯಾನಿಂಗ್ ಎಂದು ಕರೆಯುವ, ಇಬ್ಬರ ಮಿದುಳನ್ನು ಏಕಕಾಲಕ್ಕೆ ಅಳೆಯುವ ಪದ್ಧತಿ ಆ ಹೆಸರಿನಲ್ಲಿ ಬಂದದ್ದು 2002ರಲ್ಲಿ, ರೀಡ್ ಮಾಂಟೆಗ್ಯೂ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದಲ್ಲಿ ಎರಡು ಎಫ್‌ಎಂಆರ್‌ಐ ಯಂತ್ರಗಳನ್ನು (ರಕ್ತದ ಹರಿವಿನ ಮೂಲಕ ಮಿದುಳಿನ ಚಟುವಟಿಕೆಯನ್ನು ತೋರಿಸುವ ಸ್ಕ್ಯಾನರ್‌ಗಳು) ಅಂತರ್ಜಾಲದ ಮೂಲಕ ಜೋಡಿಸಿ, ಅವುಗಳೊಳಗೆ ಮಲಗಿದ್ದ ಇಬ್ಬರನ್ನು ಪರಸ್ಪರ ಆಟ ಆಡಿಸಿದಾಗ.

ಪ್ರಯೋಗ ಆರಂಭಿಸುವವರು ಇದಕ್ಕಿಂತ ಮುಖ್ಯವಾಗಿ ತಿಳಿದಿರಬೇಕಾದ ಇನ್ನೊಂದು ಕೆಲಸವಿದೆ. 2004ರಲ್ಲಿ ಉರಿ ಹ್ಯಾಸನ್ ಮತ್ತು ಸಂಗಡಿಗರು ಐದು ಜನರಿಗೆ, ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ, ಒಂದೇ ಚಲನಚಿತ್ರದ ಅರ್ಧ ಗಂಟೆಯ ಭಾಗವನ್ನು ತೋರಿಸಿ ಅವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಐವರ ಮಿದುಳಿನ ಹೊರಪದರದ ವಿಶಾಲ ಭಾಗಗಳು ಒಂದೇ ಲಯದಲ್ಲಿ ಏರಿಳಿದವು. ಆ ಐವರಲ್ಲಿ ಯಾರೂ ಇನ್ನೊಬ್ಬರನ್ನು ಆ ಹೊತ್ತಿನಲ್ಲಿ ನೋಡಲಿಲ್ಲ, ಮಾತನಾಡಿಸಲಿಲ್ಲ; ಒಬ್ಬರಿಂದ ಇನ್ನೊಬ್ಬರಿಗೆ ಏನೂ ದಾಟಲಿಲ್ಲ. ಆದರೂ ಮಿದುಳುಗಳು ಹೊಂದಿಕೊಂಡವು, ಏಕೆಂದರೆ ಕಣ್ಣು ಕಿವಿಗಳಿಗೆ ಬಿದ್ದದ್ದು ಒಂದೇ. ಇಬ್ಬರು ಅಕ್ಕಪಕ್ಕ ಕುಳಿತು ಒಂದೇ ಹಾಸ್ಯದೃಶ್ಯವನ್ನು ನೋಡುವ ಪ್ರಯೋಗ ಮಾಡಿ, ಅವರ ಅಲೆಗಳು ಹೊಂದಿದವು, ಆದ್ದರಿಂದ ಸಂತೋಷ ಹರಡಿತು ಎಂದು ಬರೆಯುವವರು ಈ ಒಂದು ಸಂಗತಿಯನ್ನು ಮರೆತಿರುತ್ತಾರೆ.

ಆದ್ದರಿಂದ ಉಪಕರಣ ಕೊಳ್ಳುವ ಮೊದಲೇ ನಾಲ್ಕು ಸಾಧ್ಯತೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಇಬ್ಬರ ಅಲೆಗಳು ಹೊಂದಿಕೆಯಾಗುವುದಕ್ಕೆ ಒಂದೇ ದೃಶ್ಯ ಅಥವಾ ಶಬ್ದ ಕಾರಣವಾಗಿರಬಹುದು. ಇಬ್ಬರೂ ಒಟ್ಟಿಗೆ ನಕ್ಕು, ತಲೆಯಾಡಿಸಿ, ಕಣ್ಣು ಮಿಟುಕಿಸಿದ್ದು ಕಾರಣವಾಗಿರಬಹುದು. ಇಬ್ಬರ ಗಮನವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದದ್ದು ಕಾರಣವಾಗಿರಬಹುದು. ಕೊನೆಯದಾಗಿ, ಒಬ್ಬರ ಭಾವ ನಿಜಕ್ಕೂ ಇನ್ನೊಬ್ಬರಲ್ಲಿ ಹುಟ್ಟಿರಬಹುದು; ಭಾವಸಂಕ್ರಮಣವೆಂದರೆ ಇದೇ. ಮೊದಲ ಮೂರನ್ನು ತಳ್ಳಿಹಾಕುವ ವ್ಯವಸ್ಥೆ ನಿಮ್ಮ ಪ್ರಯೋಗದಲ್ಲಿಯೇ ಇರಬೇಕು. ದಾಖಲೆ ಮುಗಿದ ಮೇಲೆ ಗಣಿತದಿಂದ ಅದನ್ನು ಸರಿಪಡಿಸಲು ಆಗುವುದಿಲ್ಲ. ಸುಝಾನ್ ಡಿಕರ್ ಮತ್ತು ತಂಡ 2017ರಲ್ಲಿ ಪ್ರಕಟಿಸಿದ ನ್ಯೂಯಾರ್ಕ್‌ನ ಪ್ರೌಢಶಾಲಾ ಅಧ್ಯಯನದಲ್ಲಿ, 12 ವಿದ್ಯಾರ್ಥಿಗಳು ಒಂದು ಸೆಮಿಸ್ಟರಿನ ಹಲವು ತರಗತಿಗಳಲ್ಲಿ ಸುಲಭವಾಗಿ ತೊಡಬಹುದಾದ ಇಇಜಿ ಸಾಧನ ಧರಿಸಿ ಕುಳಿತಿದ್ದರು. ಅಲ್ಲಿ ಕಂಡ ಹೊಂದಿಕೆಯನ್ನು ಸಂಶೋಧಕರು ಮುಖ್ಯವಾಗಿ ಹಂಚಿಕೊಂಡ ಗಮನದಿಂದ ವಿವರಿಸಿದರೇ ಹೊರತು ಭಾವ ಹರಡಿತು ಎಂದು ಹೇಳಲಿಲ್ಲ. ಆ ಸಂಯಮವನ್ನು ನಾನು ಬಹಳ ಗೌರವಿಸುತ್ತೇನೆ.

ವಿನ್ಯಾಸ: ಒಬ್ಬರು ತುಣುಕು ನೋಡಲಿ, ಇನ್ನೊಬ್ಬರು ಮುಖ ನೋಡಲಿ

ನಾನು ಶಿಫಾರಸು ಮಾಡುವ ಏರ್ಪಾಡು ಸರಳವಾದದ್ದು. ಜೋಡಿಯಲ್ಲಿ ಒಬ್ಬರು ಒಂದರಿಂದ ಒಂದೂವರೆ ನಿಮಿಷದ ವಿಡಿಯೋ ತುಣುಕನ್ನು ಪರದೆಯ ಮೇಲೆ ನೋಡುತ್ತಾರೆ, ಅದರ ಧ್ವನಿ ಅವರ ಕಿವಿಯೊಳಗಿನ ಇಯರ್‌ಫೋನಿನಲ್ಲಿ ಮಾತ್ರ ಕೇಳಿಸುತ್ತದೆ. ಇನ್ನೊಬ್ಬರು ಆ ತುಣುಕನ್ನು ನೋಡುವುದೂ ಇಲ್ಲ, ಕೇಳುವುದೂ ಇಲ್ಲ; ಅವರು ಮೊದಲಿನವರ ಮುಖವನ್ನು ಮಾತ್ರ ನೋಡುತ್ತಾರೆ. ಮೊದಲಿನವರನ್ನು ತುಣುಕು ನೋಡುವವರೆಂದೂ ಎರಡನೆಯವರನ್ನು ಮುಖ ನೋಡುವವರೆಂದೂ ಕರೆಯೋಣ. ಹೀಗೆ ಮಾಡಿದಾಗ ಒಂದೇ ದೃಶ್ಯ ಇಬ್ಬರ ಕಣ್ಣಿಗೂ ಬೀಳುವ ಸಮಸ್ಯೆ ಬಹುಮಟ್ಟಿಗೆ ತೊಲಗುತ್ತದೆ, ಭಾವಕ್ಕೆ ದಾಟಲು ಮುಖವೊಂದೇ ದಾರಿಯಾಗಿ ಉಳಿಯುತ್ತದೆ.

ಎದುರುಬದುರು ಕೂರಿಸುವುದು ಸಹಜವಾಗಿ ಕಾಣುತ್ತದೆ, ಆದರೆ ಆಗ ತುಣುಕು ನೋಡುವವರೂ ಎದುರಿನವರ ಪ್ರತಿಕ್ರಿಯೆಯನ್ನು ಗಮನಿಸುತ್ತಾರೆ ಮತ್ತು ಭಾವ ಯಾವ ಕಡೆಯಿಂದ ಯಾವ ಕಡೆಗೆ ಹರಿಯಿತು ಎಂಬುದು ಅಸ್ಪಷ್ಟವಾಗುತ್ತದೆ. ಮೊದಲ ಅಧ್ಯಯನದಲ್ಲಿ ಇಬ್ಬರನ್ನೂ ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ತುಣುಕು ನೋಡುವವರ ಮುಖವನ್ನು ಕ್ಯಾಮೆರಾದ ಮೂಲಕ ನೇರವಾಗಿ ಮುಖ ನೋಡುವವರ ಪರದೆಗೆ ಕಳಿಸುವುದು ಉತ್ತಮ. ಕ್ಯಾಮೆರಾ ಮತ್ತು ಪರದೆಯ ನಡುವೆ ಆಗುವ ವಿಳಂಬವನ್ನು ಅಳೆದಿಟ್ಟುಕೊಳ್ಳಬೇಕು: ಕ್ಯಾಮೆರಾದ ಮುಂದೆ ಎಲ್‌ಇಡಿ ಹೊತ್ತಿಸಿ, ಆ ಬೆಳಕು ಪರದೆಯ ಮೇಲೆ ಯಾವಾಗ ಕಾಣಿಸಿತು ಎಂಬುದನ್ನು ಅಲ್ಲಿ ಅಂಟಿಸಿದ ಫೋಟೋಡಯೋಡಿನಿಂದ (ಬೆಳಕನ್ನು ಗ್ರಹಿಸುವ ಸಾಧನ) ಗುರುತಿಸಿದರೆ ಸಾಕು. ಇಬ್ಬರನ್ನು ಏಕಕಾಲಕ್ಕೆ ದಾಖಲಿಸುವ ಅನುಕೂಲವಿಲ್ಲದವರು ಮೊದಲು ಒಬ್ಬರ ಇಇಜಿಯನ್ನೂ ಮುಖದ ವಿಡಿಯೋವನ್ನೂ ಒಟ್ಟಿಗೆ ದಾಖಲಿಸಿ, ನಂತರ ಆ ವಿಡಿಯೋವನ್ನು ಇನ್ನೊಬ್ಬರಿಗೆ ತೋರಿಸುತ್ತಾ ಅವರ ಇಇಜಿಯನ್ನು ದಾಖಲಿಸಬಹುದು. ಸಿಲ್ಕೆ ಆಂಡರ್ಸ್ ಮತ್ತು ತಂಡ 2011ರಲ್ಲಿ ಪ್ರೇಮಿಗಳ ಜೋಡಿಗಳೊಂದಿಗೆ ಎಫ್‌ಎಂಆರ್‌ಐನಲ್ಲಿ ಇದೇ ಬಗೆಯ ಕೆಲಸವನ್ನು ಪ್ರಕಟಿಸಿತು. ಒಂದೇ ಟೋಪಿ, ಅದರ ಸಂಕೇತವನ್ನು ಹಿಗ್ಗಿಸಿ ದಾಖಲಿಸುವ ಒಂದೇ ಆಂಪ್ಲಿಫೈಯರ್ ಇರುವ ನಮ್ಮ ಬಹುತೇಕ ಕಾಲೇಜು ಪ್ರಯೋಗಾಲಯಗಳಿಗೆ ಇದು ಕೈಗೆಟುಕುವ ದಾರಿ, ಮತ್ತು ದಿಕ್ಕಿನ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ.

ಸಂತೋಷ, ದುಃಖ ಮತ್ತು ಯಾವ ಭಾವವನ್ನೂ ಕೆರಳಿಸದ ತಟಸ್ಥ ತುಣುಕುಗಳನ್ನು ಸಮಸಂಖ್ಯೆಯಲ್ಲಿ ಆರಿಸಿ, ಪ್ರಯೋಗದಲ್ಲಿ ಭಾಗವಹಿಸದ ಬೇರೊಂದು ಗುಂಪಿಗೆ ತೋರಿಸಿ ಪರೀಕ್ಷಿಸಿ. ಕರ್ನಾಟಕದಲ್ಲಿ ಎಲ್ಲರಿಗೂ ಬಾಯಿಪಾಠವಾಗಿರುವ ಹಾಸ್ಯದೃಶ್ಯಗಳನ್ನು ಬಳಸುವ ಆಸೆ ಸಹಜ, ಆದರೆ ಅಂಥ ದೃಶ್ಯಕ್ಕೆ ಜನ ಮಾತು ಬರುವ ಮೊದಲೇ ನಕ್ಕುಬಿಡುತ್ತಾರೆ, ಹಾಗೆ ನಕ್ಕ ಕ್ಷಣವನ್ನು ತುಣುಕಿನ ಯಾವ ಘಟನೆಗೂ ಕಟ್ಟಿಹಾಕಲು ಬರುವುದಿಲ್ಲ. ಹಿಂದೆ ನೋಡಿದ್ದೀರಾ ಎಂಬ ಪ್ರಶ್ನೆಯನ್ನು ಪ್ರತಿ ತುಣುಕಿನ ನಂತರ ಕೇಳಿ ದಾಖಲಿಸಿ.

ಇದರ ಜೊತೆಗೆ ಎರಡು ಹೋಲಿಕೆಯ ಸನ್ನಿವೇಶಗಳು ಬೇಕೇ ಬೇಕು. ಒಂದರಲ್ಲಿ ಮುಖ ನೋಡುವವರ ಪರದೆಯ ಮೇಲೆ ಎದುರಿನವರ ಮುಖವನ್ನು ಪೂರ್ತಿ ಮಸುಕುಗೊಳಿಸಿ, ಬೆಳಕು ಮತ್ತು ಚಲನೆಯ ಒಟ್ಟು ಪ್ರಮಾಣ ಮಾತ್ರ ಉಳಿಯುವಂತೆ ಮಾಡಬೇಕು. ಇನ್ನೊಂದರಲ್ಲಿ ಇಬ್ಬರೂ ಪರಸ್ಪರ ಕಾಣದಂತೆ ಒಂದೇ ತುಣುಕನ್ನು ನೋಡಬೇಕು. ಮೊದಲನೆಯದು, ಮುಖಭಾವವಿಲ್ಲದೆ ಎಷ್ಟು ಹೊಂದಿಕೆ ಹುಟ್ಟುತ್ತದೆ ಎಂಬುದನ್ನು ತೋರಿಸುತ್ತದೆ. ಎರಡನೆಯದು, ಒಂದೇ ದೃಶ್ಯದಿಂದ ಎಷ್ಟು ಹೊಂದಿಕೆ ಹುಟ್ಟಬಹುದೆಂಬ ಅಳತೆಗೋಲನ್ನು ಕೊಡುತ್ತದೆ.

ಮಿದುಳಿನ ಅಲೆ ತಾನಾಗಿ ಯಾವ ಭಾವದ ಹೆಸರನ್ನೂ ಹೇಳುವುದಿಲ್ಲ. ಎಡ ಮತ್ತು ಬಲ ಮುಂಭಾಗದ ಆಲ್ಫಾ ಅಲೆಗಳ ವ್ಯತ್ಯಾಸದಿಂದ ಭಾವದ ದಿಕ್ಕನ್ನು ಓದಬಹುದೆಂಬ ವಿಚಾರ ಮನಃಶಾಸ್ತ್ರಜ್ಞ ರಿಚರ್ಡ್ ಡೇವಿಡ್‌ಸನ್ ಅವರ ಕಾಲದಿಂದ ಪ್ರಚಲಿತವಾಗಿದೆ, ಆದರೆ ಕೋಪದಂಥ ಭಾವ ಆ ಸರಳ ಲೆಕ್ಕಕ್ಕೆ ಸಿಗುವುದಿಲ್ಲ, ಮತ್ತು ಬೇರೆ ಬೇರೆ ಅಧ್ಯಯನಗಳ ಫಲಿತಾಂಶಗಳೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ಆದ್ದರಿಂದ ವ್ಯಕ್ತಿಯನ್ನೇ ಕೇಳಬೇಕು. ಬ್ರಾಡ್ಲಿ ಮತ್ತು ಲ್ಯಾಂಗ್ 1994ರಲ್ಲಿ ಪ್ರಕಟಿಸಿದ, ಸಂಕ್ಷಿಪ್ತವಾಗಿ ಸ್ಯಾಮ್ ಎಂದು ಕರೆಯುವ ಚಿತ್ರಗಳ ಮಾಪಕವು ಭಾವ ಹಿತವೋ ಅಹಿತವೋ ಎಂಬುದನ್ನೂ ಅದರ ತೀವ್ರತೆಯನ್ನೂ ಗೊಂಬೆಚಿತ್ರಗಳಿಂದಲೇ ಕೇಳುವುದರಿಂದ ಭಾಷೆಯ ತೊಡಕು ಕಡಿಮೆ. ಪ್ರತಿ ತುಣುಕಿನ ಕೊನೆಯಲ್ಲಿ ಮುಖ ನೋಡುವವರಿಗೆ ಎರಡು ಪ್ರಶ್ನೆಗಳನ್ನು ಈ ಕ್ರಮದಲ್ಲಿಯೇ ಕೇಳಿ: ಈಗ ನಿಮಗೆ ಹೇಗನ್ನಿಸುತ್ತಿದೆ, ಮತ್ತು ಅವರಿಗೆ ಹೇಗನ್ನಿಸಿತು ಎಂದು ನಿಮ್ಮ ಊಹೆ. ಎದುರಿನವರು ದುಃಖದಲ್ಲಿದ್ದಾರೆ ಎಂದು ಗುರುತಿಸುವುದು ಬೇರೆ, ಆ ದುಃಖ ತನ್ನಲ್ಲಿಯೂ ಹುಟ್ಟುವುದು ಬೇರೆ. ಎರಡನೆಯ ಉತ್ತರ ಸರಿಯಿದ್ದು ಮೊದಲನೆಯದು ತಟಸ್ಥವಾಗಿದ್ದರೆ, ಇಇಜಿ ಏನೇ ತೋರಿಸಲಿ, ಅದನ್ನು ಭಾವಸಂಕ್ರಮಣವೆಂದು ಕರೆಯುವ ಹಕ್ಕು ನಮಗಿಲ್ಲ.

ಒಪ್ಪಿಗೆ

2014ರಲ್ಲಿ ಪ್ರಕಟವಾದ ಫೇಸ್‌ಬುಕ್ ಅಧ್ಯಯನವೊಂದರಲ್ಲಿ 6,89,003 ಬಳಕೆದಾರರ ನ್ಯೂಸ್‌ಫೀಡಿನ ಭಾವವನ್ನು ಬದಲಾಯಿಸಿ, ಅವರು ಬರೆಯುವ ಮಾತಿನಲ್ಲಿ ಅದರ ಪರಿಣಾಮವನ್ನು ನೋಡಲಾಯಿತು. ಅದಕ್ಕಾಗಿ ಅವರ ನಿರ್ದಿಷ್ಟ ಒಪ್ಪಿಗೆಯನ್ನು ಪಡೆದಿರಲಿಲ್ಲ, ಮತ್ತು ಅದರಿಂದ ಎದ್ದ ಟೀಕೆಯ ನಂತರ ಆ ಪತ್ರಿಕೆಯೇ ಸಂಪಾದಕೀಯ ಕಳವಳವನ್ನು ಮುದ್ರಿಸಿತು. ಭಾವವನ್ನು ಉದ್ದೇಶಪೂರ್ವಕವಾಗಿ ಹುಟ್ಟಿಸುವ ಪ್ರಯೋಗದಲ್ಲಿ ಒಪ್ಪಿಗೆ ಪತ್ರವೆಂಬುದು ಕೇವಲ ಕಾಗದವಲ್ಲ. ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಕೈಗೆ ಬರುವವರೆಗೆ ಒಬ್ಬರನ್ನೂ ಕೂರಿಸಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು (ಐಸಿಎಂಆರ್) 2017ರಲ್ಲಿ ಹೊರತಂದ ಮಾರ್ಗಸೂಚಿಗಳನ್ನು ಅರ್ಜಿ ಬರೆಯುವ ಮೊದಲು ಓದಿ. ದುಃಖದ ತುಣುಕುಗಳಿವೆ ಎಂಬುದನ್ನೂ, ಯಾವ ಕ್ಷಣದಲ್ಲಾದರೂ ಎದ್ದು ಹೋಗಬಹುದೆಂಬುದನ್ನೂ, ಮುಖದ ವಿಡಿಯೋವನ್ನು ಯಾರು ನೋಡುತ್ತಾರೆ, ಎಷ್ಟು ಕಾಲ ಇಡುತ್ತೀರಿ ಎಂಬುದನ್ನೂ ಕನ್ನಡದಲ್ಲಿ, ಓದಿ ಹೇಳುವಷ್ಟು ಸರಳವಾಗಿ ಬರೆಯಿರಿ. ಮುಖದ ಚಿತ್ರ ವೈಯಕ್ತಿಕ ಮಾಹಿತಿಯಾದ್ದರಿಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೂ ಗಮನದಲ್ಲಿಡಬೇಕು.

ಸ್ನೇಹಿತರ ಅಥವಾ ದಂಪತಿಗಳ ಜೋಡಿಯಾದರೆ ಒಬ್ಬರ ಉತ್ತರಗಳನ್ನು ಇನ್ನೊಬ್ಬರಿಗೆ ಎಂದೂ ತೋರಿಸಬೇಡಿ. ಕೊನೆಯ ತುಣುಕು ಹಿತವಾದದ್ದಾಗಿರಲಿ. ದಾಖಲೆಯಲ್ಲಿ ಅಪಸ್ಮಾರವನ್ನು ಹೋಲುವ ಅಲೆಗಳು ಕಂಡರೆ ಯಾವ ನರರೋಗ ತಜ್ಞರಿಗೆ ತೋರಿಸುವಿರಿ ಎಂಬುದನ್ನು ಮೊದಲೇ ನಿರ್ಧರಿಸಿಡಿ. ಭಾಗವಹಿಸಿದವರಿಗೆ ನೀವೇ ರೋಗದ ಹೆಸರು ಹೇಳುವುದು ಸಲ್ಲದು.

ಎರಡು ಆಂಪ್ಲಿಫೈಯರ್, ಒಂದು ಕಾಲ

ಆಲ್ಫಾ ಅಲೆ ಸೆಕೆಂಡಿಗೆ ಸುಮಾರು 10 ಬಾರಿ ಏರಿಳಿಯುತ್ತದೆ, ಅಂದರೆ ಒಂದು ಆವರ್ತಕ್ಕೆ 100 ಮಿಲಿಸೆಕೆಂಡ್. ಎರಡು ದಾಖಲೆಗಳ ನಡುವೆ 25 ಮಿಲಿಸೆಕೆಂಡ್ ವ್ಯತ್ಯಾಸವಾದರೆ ಕಾಲು ಆವರ್ತದಷ್ಟು, ಎಂದರೆ 90 ಡಿಗ್ರಿ, ತಪ್ಪಿದಂತೆ. ಪ್ರತಿ ಆಂಪ್ಲಿಫೈಯರಿನ ಒಳಗಿನ ಗಡಿಯಾರ ತನ್ನದೇ ವೇಗದಲ್ಲಿ ನಡೆಯುತ್ತದೆ. ಎರಡು ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ 50 ಭಾಗದಷ್ಟು ಅಂತರವಿದ್ದರೂ ನಿಮಿಷಕ್ಕೆ 3 ಮಿಲಿಸೆಕೆಂಡ್, ಅರ್ಧ ಗಂಟೆಗೆ 90 ಮಿಲಿಸೆಕೆಂಡ್ ದೂರವಾಗುತ್ತದೆ. ಆರಂಭದ ಒಂದೇ ಒಂದು ಗುರುತಿನಿಂದ ಎರಡು ಫೈಲುಗಳನ್ನು ಜೋಡಿಸಿದವರ ಅಂಕಿಗಳು ಪ್ರಯೋಗದ ಕೊನೆಯಲ್ಲಿ ಅರ್ಥ ಕಳೆದುಕೊಳ್ಳುವುದು ಇದೇ ಕಾರಣಕ್ಕೆ.

ಎರಡು ಟೋಪಿಗಳನ್ನೂ ಒಂದೇ ಆಂಪ್ಲಿಫೈಯರಿಗೆ ಜೋಡಿಸುವ ಸೌಲಭ್ಯವಿದ್ದರೆ ಕಾಲದ ಸಮಸ್ಯೆ ಬಗೆಹರಿಯುತ್ತದೆ, ಆದರೆ ಪ್ರತಿಯೊಬ್ಬರಿಗೂ ಪ್ರತ್ಯೇಕ ರೆಫರೆನ್ಸ್ (ಉಳಿದ ಎಲೆಕ್ಟ್ರೋಡುಗಳನ್ನು ಯಾವುದರೊಂದಿಗೆ ಹೋಲಿಸಿ ಅಳೆಯುತ್ತೇವೋ ಆ ಎಲೆಕ್ಟ್ರೋಡ್) ಮತ್ತು ಪ್ರತ್ಯೇಕ ಗ್ರೌಂಡ್ ಇರಲೇಬೇಕು. ಒಬ್ಬರ ರೆಫರೆನ್ಸನ್ನು ಇಬ್ಬರಿಗೂ ಬಳಸಿದರೆ ಒಬ್ಬರ ಅಲೆಯೇ ಇನ್ನೊಬ್ಬರ ದಾಖಲೆಯೊಳಗೆ ಸೇರಿಕೊಳ್ಳುತ್ತದೆ. ನಿಮ್ಮ ಸಾಧನದಲ್ಲಿ ಇದು ಸಾಧ್ಯವೇ, ಇಬ್ಬರನ್ನು ಒಂದಕ್ಕೆ ಜೋಡಿಸುವುದು ಸುರಕ್ಷಿತವೇ ಎಂಬುದನ್ನು ತಯಾರಕರ ಕೈಪಿಡಿಯಲ್ಲಿ ನೋಡಿ. ಎರಡು ಆಂಪ್ಲಿಫೈಯರ್‌ಗಳಿದ್ದರೆ ಒಂದೇ ಮೂಲದಿಂದ ಹೊರಡುವ ಟ್ರಿಗರ್ ಸಂಕೇತವನ್ನು ಎರಡಕ್ಕೂ ತಂತಿಯ ಮೂಲಕ ಕಳಿಸಿ, ಪ್ರತಿ ತುಣುಕಿನ ಆರಂಭ ಮತ್ತು ಕೊನೆಯಲ್ಲಿ ಮಾತ್ರವಲ್ಲದೆ ನಡುನಡುವೆಯೂ ಗುರುತು ಬೀಳುವಂತೆ ನೋಡಿಕೊಳ್ಳಿ. ಲ್ಯಾಬ್ ಸ್ಟ್ರೀಮಿಂಗ್ ಲೇಯರ್ ಎಂಬ ಉಚಿತ ತಂತ್ರಾಂಶ ಬೇರೆ ಬೇರೆ ಸಾಧನಗಳ ಕಾಲವನ್ನು ಹೊಂದಿಸಿ ಕೊಡುತ್ತದೆ. ಆದರೂ ತಂತಿಯ ಟ್ರಿಗರ್ ಇಲ್ಲದೆ ಅದೊಂದನ್ನೇ ನಂಬಬಾರದು ಎಂಬುದು ನನ್ನ ಅಭಿಪ್ರಾಯ.

ಜನರನ್ನು ಕರೆಯುವ ಮೊದಲು ಖಾಲಿ ದಾಖಲೆಯೊಂದನ್ನು ಮಾಡಿ. ಎರಡು ಟೋಪಿಗಳ ಎಲೆಕ್ಟ್ರೋಡುಗಳನ್ನು ಉಪ್ಪುನೀರಿನಲ್ಲಿ ನೆನೆಸಿದ ಎರಡು ಬೇರೆ ಬೇರೆ ಟವೆಲ್‌ಗಳ ಮೇಲಿಟ್ಟು, ಪ್ರಯೋಗದ ಎಲ್ಲ ತುಣುಕುಗಳನ್ನೂ ಓಡಿಸಿ, ಆ ದಾಖಲೆಯನ್ನು ನಿಮ್ಮ ವಿಶ್ಲೇಷಣೆಯ ಎಲ್ಲ ಹಂತಗಳ ಮೂಲಕ ಹಾಯಿಸಿ. ಟವೆಲ್‌ಗಳ ನಡುವೆ ಹೊಂದಿಕೆ ಕಂಡರೆ ಅದು ಗೋಡೆಯ ವಿದ್ಯುತ್ತಿನಿಂದ ಬಂದ 50 ಹರ್ಟ್ಸ್ ಗದ್ದಲವೋ, ಟ್ರಿಗರ್ ತಂತಿಯ ಸೋರಿಕೆಯೋ, ಫಿಲ್ಟರಿನ ಪರಿಣಾಮವೋ ಆಗಿರುತ್ತದೆ. ಮಿದುಳಿನಿಂದ ಬಂದದ್ದಂತೂ ಅಲ್ಲ.

ತಲೆಗೂದಲು, ಎಣ್ಣೆ, ಜೆಲ್

ಇದು ನಮ್ಮ ನಾಡಿನ ಪ್ರಯೋಗಾಲಯಗಳಲ್ಲಿ ಹೆಚ್ಚು ಸಮಯ ತಿನ್ನುವ ಹಂತ, ಮತ್ತು ವಿದೇಶಿ ಕೈಪಿಡಿಗಳು ಇದರ ಬಗ್ಗೆ ಹೇಳುವುದು ಬಹಳ ಕಡಿಮೆ. ಕೊಬ್ಬರಿ ಎಣ್ಣೆ ಹಚ್ಚಿದ ತಲೆಯಲ್ಲಿ ಜೆಲ್ ಚರ್ಮವನ್ನು ಮುಟ್ಟದೆ ಜಾರುತ್ತದೆ, ಎಲೆಕ್ಟ್ರೋಡಿಗೂ ಚರ್ಮಕ್ಕೂ ನಡುವಿನ ವಿದ್ಯುತ್ ತಡೆ, ಅಂದರೆ ಇಂಪೀಡೆನ್ಸ್, ಇಳಿಯುವುದೇ ಇಲ್ಲ. ಹಿಂದಿನ ದಿನವೇ ಫೋನ್ ಮಾಡಿ, ರಾತ್ರಿ ಅಥವಾ ಬೆಳಿಗ್ಗೆ ಶಾಂಪೂ ಹಾಕಿ ತಲೆಸ್ನಾನ ಮಾಡಿ, ಎಣ್ಣೆ ಕಂಡೀಷನರ್ ಹಚ್ಚದೆ, ಕೂದಲನ್ನು ಪೂರ್ತಿ ಒಣಗಿಸಿಕೊಂಡು ಬರುವಂತೆ ವಿನಂತಿಸಿ. ಬಿಗಿಯಾಗಿ ಹೆಣೆದ ಜಡೆ ಟೋಪಿಯ ಹಿಂಭಾಗವನ್ನು ಎತ್ತಿಹಿಡಿದು, ದೃಷ್ಟಿಗೆ ಸಂಬಂಧಿಸಿದ ಭಾಗದ ಮೇಲಿರುವ ಎಲೆಕ್ಟ್ರೋಡುಗಳನ್ನು ಗಾಳಿಯಲ್ಲಿ ನಿಲ್ಲಿಸುತ್ತದೆ. ಜಡೆ ಬಿಚ್ಚಿ, ಕುತ್ತಿಗೆಯ ಕೆಳಗೆ ಸಡಿಲವಾಗಿ ಕಟ್ಟಿಕೊಳ್ಳಲು ಹೇಳಬೇಕು. ಹೂವು, ಕ್ಲಿಪ್ಪು, ಓಲೆ, ಜುಮುಕಿಗಳನ್ನು ತೆಗೆದಿಡಲು ಒಂದು ಸ್ವಚ್ಛವಾದ ಡಬ್ಬಿ ಮತ್ತು ಕನ್ನಡಿ ಕೋಣೆಯಲ್ಲಿರಲಿ. ಪ್ರಯೋಗದ ನಂತರ ಜೆಲ್ ತೊಳೆದುಕೊಳ್ಳಲು ನೀರು, ಟವೆಲ್ ಕೊಡದ ಪ್ರಯೋಗಾಲಯಕ್ಕೆ ಎರಡನೆಯ ಸಲ ಯಾರೂ ಬರುವುದಿಲ್ಲ.

ತಲೆಯ ಸುತ್ತಳತೆಗೆ ತಕ್ಕ ಟೋಪಿಯನ್ನು ಆರಿಸಿ, ಮೂಗಿನ ಬುಡದಿಂದ ತಲೆಯ ಹಿಂದಿನ ಎಲುಬಿನ ಉಬ್ಬಿನವರೆಗೆ ಮತ್ತು ಒಂದು ಕಿವಿಯಿಂದ ಇನ್ನೊಂದರವರೆಗೆ ಟೇಪಿನಿಂದ ಅಳೆದು, ಎರಡೂ ಅಳತೆಗಳ ಮಧ್ಯಬಿಂದು ಕೂಡುವಲ್ಲಿ ಸೀಝಡ್ ಎಲೆಕ್ಟ್ರೋಡ್ ಬರುವಂತೆ ಟೋಪಿಯನ್ನು ಕೂರಿಸಿ. ಮೊಂಡು ಸೂಜಿಯ ಸಿರಿಂಜಿನಿಂದ ಮೊದಲು ಕೂದಲನ್ನು ಪಕ್ಕಕ್ಕೆ ಸರಿಸಿ, ಚರ್ಮವನ್ನು ಮೃದುವಾಗಿ ಉಜ್ಜಿ, ಆಮೇಲೆ ಸ್ವಲ್ಪವೇ ಜೆಲ್ ಬಿಡಬೇಕು. ಹೆಚ್ಚು ಜೆಲ್ ಹಾಕಿದರೆ ಅದು ಹರಿದು ಪಕ್ಕದ ಎಲೆಕ್ಟ್ರೋಡನ್ನು ಸೇರುತ್ತದೆ. ಪರದೆಯ ಮೇಲೆ ಎರಡು ಚಾನೆಲ್‌ಗಳು ಒಂದೇ ರೀತಿ ಓಡುತ್ತಿದ್ದರೆ ಹೀಗಾಗಿದೆ ಎಂದು ತಿಳಿಯಿರಿ. ಸಾಮಾನ್ಯ ಎಲೆಕ್ಟ್ರೋಡುಗಳಲ್ಲಿ ಇಂಪೀಡೆನ್ಸನ್ನು 5ರಿಂದ 10 ಕಿಲೋಓಮ್‌ಗಿಂತ ಕೆಳಗೆ ಇಳಿಸಲು ಪ್ರಯತ್ನಿಸಿ. ಇಬ್ಬರನ್ನು ಒಬ್ಬರೇ ತಯಾರು ಮಾಡಿದರೆ ಎರಡನೆಯವರಿಗೆ ಜೆಲ್ ಹಾಕಿ ಮುಗಿಸುವಷ್ಟರಲ್ಲಿ ಮೊದಲಿನವರು ದಣಿದಿರುತ್ತಾರೆ, ಅವರ ಜೆಲ್ ಒಣಗತೊಡಗಿರುತ್ತದೆ. ಆದ್ದರಿಂದ ಪ್ರತಿ ತಲೆಗೆ ಒಬ್ಬ ಸಹಾಯಕರಿರಲಿ.

ತಲಾ 32 ಚಾನೆಲ್, ಸೆಕೆಂಡಿಗೆ 500 ಮಾದರಿ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಟೋಪಿಯ ಹೊರತಾಗಿ ಇಬ್ಬರ ಮುಖದ ಮೇಲೂ ಎರಡು ಸ್ನಾಯುಗಳ ವಿದ್ಯುತ್ತನ್ನು ದಾಖಲಿಸಿ: ನಗುವಾಗ ತುಟಿಯ ಅಂಚನ್ನು ಮೇಲೆಳೆಯುವ ಕೆನ್ನೆಯ ಸ್ನಾಯು, ಮತ್ತು ಹುಬ್ಬು ಗಂಟಿಕ್ಕುವಾಗ ಬಿಗಿಯಾಗುವ ಹುಬ್ಬಿನ ಸ್ನಾಯು. ಇವೆರಡು ಯಾಕೆ ಅನಿವಾರ್ಯ ಎಂಬುದು ಮುಂದಿನ ಭಾಗದಲ್ಲಿ ತಿಳಿಯುತ್ತದೆ. ಮೇಲಿನ ಫ್ಯಾನನ್ನು ನಿಲ್ಲಿಸಿ, ಏಕೆಂದರೆ ಅದರ ಗಾಳಿಗೆ ತಂತಿಗಳು ಅಲುಗಾಡುತ್ತವೆ. ಆದರೆ ಸೆಕೆಗೆ ಬೆವರಿದರೆ ದಾಖಲೆ ನಿಧಾನವಾಗಿ ತೇಲತೊಡಗುತ್ತದೆ, ಹಾಗಾಗಿ ಕೋಣೆಯನ್ನು ಮೊದಲೇ ತಂಪು ಮಾಡಿಡಿ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯಲಿ, ಯುಪಿಎಸ್ ದೂರದಲ್ಲಿರಲಿ, ಎಲ್ಲರ ಫೋನುಗಳೂ ಹೊರಗಿರಲಿ.

ತುಣುಕುಗಳಿಗೆ ಮೊದಲು ಎರಡು ನಿಮಿಷ ಕಣ್ಣು ತೆರೆದು ಸುಮ್ಮನೆ ಕೂರುವ ಅವಧಿಯನ್ನು ದಾಖಲಿಸಿ. ಯಾವ ಭಾವವೂ ಇಲ್ಲದಾಗ ಈ ಜೋಡಿಯ ನಡುವೆ ಎಷ್ಟು ಹೊಂದಿಕೆ ಇದೆ ಎಂಬುದು ಮುಂದಿನ ಎಲ್ಲ ಹೋಲಿಕೆಗೂ ಆಧಾರ.

ದಾಖಲೆಯನ್ನು ಶುದ್ಧಗೊಳಿಸುವುದು

ಎಂಎನ್‌ಇ-ಪೈಥಾನ್ ಅಥವಾ ಇಇಜಿಲ್ಯಾಬ್ ತಂತ್ರಾಂಶದಲ್ಲಿ 1ರಿಂದ 40 ಹರ್ಟ್ಸ್‌ವರೆಗೆ ಫಿಲ್ಟರ್ ಮಾಡಿ, ಕೆಟ್ಟ ಚಾನೆಲ್‌ಗಳನ್ನು ಗುರುತಿಸಿ, ಐಸಿಎ ವಿಧಾನದಿಂದ (ಬೆರೆತ ಸಂಕೇತಗಳನ್ನು ಬೇರೆ ಬೇರೆ ಮೂಲಗಳಾಗಿ ಬಿಡಿಸುವ ಗಣಿತ) ಕಣ್ಣುಮಿಟುಕಿನ ಅಂಶಗಳನ್ನು ತೆಗೆಯುವ ಕ್ರಮ ಒಬ್ಬರ ದಾಖಲೆಯಲ್ಲಿದ್ದಂತೆಯೇ ಇರುತ್ತದೆ. ಒಂದು ನಿಯಮವನ್ನು ಮಾತ್ರ ಮರೆಯಬೇಡಿ: ಇಬ್ಬರ ದಾಖಲೆಗಳನ್ನು ಬೇರೆ ಬೇರೆಯಾಗಿಯೇ ಶುದ್ಧಗೊಳಿಸಬೇಕು. ಒಂದೇ ಫೈಲಿನಲ್ಲಿ 64 ಚಾನೆಲ್‌ಗಳಿವೆ ಎಂದು ಒಟ್ಟಿಗೆ ಐಸಿಎ ನಡೆಸಿದರೆ ಅಥವಾ ಒಟ್ಟು ಸರಾಸರಿಯನ್ನು ರೆಫರೆನ್ಸಾಗಿ ತೆಗೆದುಕೊಂಡರೆ ಇಬ್ಬರ ಅಲೆಗಳು ಪರಸ್ಪರ ಬೆರೆಯುತ್ತವೆ, ಆಮೇಲೆ ಹೊಂದಿಕೆ ಸಿಗುವುದರಲ್ಲಿ ಆಶ್ಚರ್ಯವೇನಿಲ್ಲ.

ನಗು ಈ ಪ್ರಯೋಗದ ಅತ್ಯಂತ ಕಷ್ಟದ ಭಾಗ. ನಗುವಾಗ ಕೆನ್ನೆ, ದವಡೆ, ಹಣೆ, ಕುತ್ತಿಗೆಯ ಸ್ನಾಯುಗಳು ಹೊಮ್ಮಿಸುವ ವಿದ್ಯುತ್ ಮಿದುಳಿನ ವಿದ್ಯುತ್ತಿಗಿಂತ ಎಷ್ಟೋ ದೊಡ್ಡದು, ಮತ್ತು ಅದು ಬೀಟಾ ಹಾಗೂ ಗ್ಯಾಮಾ ಪಟ್ಟಿಗಳನ್ನು (ಆಲ್ಫಾಗಿಂತ ವೇಗದ ಅಲೆಗಳ ಆವರ್ತನ ವ್ಯಾಪ್ತಿಗಳು) ಪೂರ್ತಿ ತುಂಬಿಬಿಡುತ್ತದೆ. ಒಬ್ಬರು ನಕ್ಕಾಗ ಎದುರಿನವರೂ ನಗುತ್ತಾರೆ ಎಂಬುದೇ ನಾವು ಹುಡುಕುತ್ತಿರುವ ಸಂಗತಿಯಾದ್ದರಿಂದ, ಇಬ್ಬರ ಸ್ನಾಯುಗಳ ಗದ್ದಲ ತಾನೇತಾನಾಗಿ ಹೊಂದಿಕೊಳ್ಳುತ್ತದೆ, ಅದನ್ನು ಮಿದುಳುಗಳ ಹೊಂದಿಕೆಯೆಂದು ಓದುವ ಅಪಾಯ ಸದಾ ಇರುತ್ತದೆ. ಸಂತೋಷದ ಸನ್ನಿವೇಶದಲ್ಲಿ 20 ಹರ್ಟ್ಸ್‌ಗಿಂತ ಮೇಲಿನ ಯಾವ ಫಲಿತಾಂಶವನ್ನೂ ನಾನು ಸುಲಭವಾಗಿ ನಂಬುವುದಿಲ್ಲ. ಮುಖದ ಸ್ನಾಯುಗಳ ದಾಖಲೆಯಿಂದ ನಕ್ಕ ಕ್ಷಣಗಳನ್ನು ಗುರುತಿಸಿ, ಅವನ್ನು ತೆಗೆದು ಒಮ್ಮೆ, ಉಳಿಸಿಕೊಂಡು ಒಮ್ಮೆ ವಿಶ್ಲೇಷಿಸಿ. ಜೊತೆಗೆ ಸ್ನಾಯುವಿನ ಅಂಕಿಯನ್ನು ಅಂಕಿಅಂಶದ ಮಾದರಿಯೊಳಗೆ ಪ್ರತ್ಯೇಕ ಚರವಾಗಿ ಸೇರಿಸಿ. ನಕ್ಕ ಕ್ಷಣಗಳನ್ನು ತೆಗೆದ ಮೇಲೆ ಫಲಿತಾಂಶ ಮಾಯವಾದರೆ ಹಾಗೆಂದೇ ವರದಿ ಮಾಡಬೇಕು. ಮುಖದಿಂದ ಮುಖಕ್ಕೆ ನಗು ದಾಟಿದ್ದೂ ಒಂದು ನಿಜವಾದ ಫಲಿತಾಂಶವೇ, ಅದು ಮಿದುಳಿನ ಅಲೆಯ ಫಲಿತಾಂಶವಲ್ಲ ಅಷ್ಟೆ.

ಹೊಂದಿಕೆಯ ಲೆಕ್ಕ

ಹೆಚ್ಚು ಬಳಕೆಯಲ್ಲಿರುವ ಅಳತೆ ಫೇಸ್ ಲಾಕಿಂಗ್ ವ್ಯಾಲ್ಯೂ, ಅಂದರೆ ಪಿಎಲ್‌ವಿ: ಇಬ್ಬರ ಅಲೆಗಳ ಹಂತಗಳ (ಅಲೆ ತನ್ನ ಏರಿಳಿತದ ಯಾವ ಬಿಂದುವಿನಲ್ಲಿದೆ ಎಂಬುದು) ನಡುವಿನ ಅಂತರ ಕಾಲಕಾಲಕ್ಕೆ ಎಷ್ಟು ಸ್ಥಿರವಾಗಿದೆ ಎಂಬುದನ್ನು 0ಯಿಂದ 1ರವರೆಗಿನ ಅಂಕಿಯಲ್ಲಿ ಅದು ಹೇಳುತ್ತದೆ. ಆದರೆ ಇಬ್ಬರ ಆಲ್ಫಾ ಅಲೆಗಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಓಡುವುದರಿಂದ, ಯಾವ ಸಂಬಂಧವೂ ಇಲ್ಲದೆ ಅವುಗಳ ಅಂತರ ಸ್ವಲ್ಪ ಹೊತ್ತು ಸ್ಥಿರವಾಗಿ ಕಾಣುತ್ತದೆ. ಕಾಲಾವಧಿ ಚಿಕ್ಕದಾದಷ್ಟೂ ಫಿಲ್ಟರಿನ ಪಟ್ಟಿ ಕಿರಿದಾದಷ್ಟೂ ಈ ಭ್ರಮೆ ಹೆಚ್ಚು. ಏಡ್ರಿಯನ್ ಬರ್ಗೆಸ್ 2013ರಲ್ಲಿ ಇದನ್ನು ವಿವರವಾಗಿ ತೋರಿಸಿ, ವೃತ್ತೀಯ ಸಹಸಂಬಂಧವೆಂಬ ಅಳತೆ ಇಂಥ ಸುಳ್ಳು ಹೊಂದಿಕೆಗೆ ಕಡಿಮೆ ಬಲಿಯಾಗುತ್ತದೆ ಎಂದು ಸೂಚಿಸಿದರು. ಇಬ್ಬರ ದಾಖಲೆಗಾಗಿಯೇ ರೂಪಿಸಿದ ಹೈಪಿಪ್ ಎಂಬ ಉಚಿತ ಪೈಥಾನ್ ತಂತ್ರಾಂಶದಲ್ಲಿ ಎರಡೂ ಅಳತೆಗಳು ಸಿಗುತ್ತವೆ.

ಭಾವದ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕೆಂದು ನನಗನ್ನಿಸುತ್ತದೆ. ಎದುರಿನವರ ಮುಖ ಬದಲಾದದ್ದನ್ನು ಕಣ್ಣು ಕಂಡು, ಅದು ಮನಸ್ಸಿಗೆ ತಟ್ಟಿ, ದೇಹದಲ್ಲಿ ಭಾವ ಏಳುವುದು ಮಿಲಿಸೆಕೆಂಡುಗಳ ಲೆಕ್ಕದ ಕೆಲಸವಲ್ಲ. ಅದಕ್ಕೆ ಅರ್ಧ ಸೆಕೆಂಡಿನಿಂದ ಹಲವು ಸೆಕೆಂಡುಗಳು ಹಿಡಿಯಬಹುದು. ಹೀಗಿರುವಾಗ ಆಲ್ಫಾ ಅಲೆಯ ಪ್ರತಿ ಏರಿಳಿತ ಇಬ್ಬರಲ್ಲೂ ತಾಳೆಯಾಗಬೇಕೆಂದು ನಿರೀಕ್ಷಿಸುವುದಕ್ಕಿಂತ, ಅಲೆಯ ಬಲವು ನಿಧಾನವಾಗಿ ಹೆಚ್ಚು ಕಡಿಮೆಯಾಗುವ ರೂಪರೇಖೆಯನ್ನು ಹೋಲಿಸುವುದು ಹೆಚ್ಚು ಅರ್ಥಪೂರ್ಣ. ಪ್ರತಿಯೊಬ್ಬರ ಆಲ್ಫಾ ಮತ್ತು ಅದಕ್ಕಿಂತ ನಿಧಾನವಾದ ಥೀಟಾ ಅಲೆಯ ಬಲದ ರೂಪರೇಖೆಯನ್ನು ತೆಗೆದು, ಒಂದನ್ನು ಇನ್ನೊಂದರ ಮೇಲೆ 5 ಸೆಕೆಂಡ್ ಹಿಂದಕ್ಕೂ 5 ಸೆಕೆಂಡ್ ಮುಂದಕ್ಕೂ ಸರಿಸುತ್ತಾ ಸಹಸಂಬಂಧವನ್ನು ಲೆಕ್ಕ ಹಾಕಿ. ಮುಖ ನೋಡುವವರ ರೂಪರೇಖೆ ತುಣುಕು ನೋಡುವವರದನ್ನು ಹಿಂಬಾಲಿಸಿದರೆ ಅದು ನಮ್ಮ ಊಹೆಗೆ ಹೊಂದುತ್ತದೆ. ಎರಡೂ ಒಂದೇ ಕ್ಷಣದಲ್ಲಿ ಏರಿದರೆ ಹೊರಗಿನ ಸದ್ದು, ವಿದ್ಯುತ್ ಗದ್ದಲ ಅಥವಾ ಬೇರಾವುದೋ ಸಮಾನ ಕಾರಣವನ್ನು ಹುಡುಕಬೇಕು. ಬೇಸರದಿಂದ ಇಬ್ಬರಿಗೂ ತೂಕಡಿಕೆ ಬಂದು ಆಲ್ಫಾ ಒಟ್ಟಿಗೆ ಏರುವ ಸಾಧ್ಯತೆಯೂ ಉಂಟು; ವಿಡಿಯೋದಲ್ಲಿ ಕಣ್ಣುರೆಪ್ಪೆಗಳನ್ನು ನೋಡಿದರೆ ಅದು ತಿಳಿಯುತ್ತದೆ.

ಎಲ್ಲಕ್ಕಿಂತ ಬಲವಾದ ಪರೀಕ್ಷೆ ಹುಸಿ ಜೋಡಿಗಳದ್ದು. ನಿಮ್ಮಲ್ಲಿ 30 ಜೋಡಿಗಳಿದ್ದರೆ, ಒಂದು ಜೋಡಿಯ ತುಣುಕು ನೋಡುವವರನ್ನು ಬೇರೊಂದು ಜೋಡಿಯ ಮುಖ ನೋಡುವವರೊಂದಿಗೆ ಸೇರಿಸಿ 870 ಹುಸಿ ಜೋಡಿಗಳನ್ನು ಮಾಡಬಹುದು. ಇವರಿಬ್ಬರೂ ಒಬ್ಬರನ್ನೊಬ್ಬರು ನೋಡಿಯೇ ಇಲ್ಲ, ಆದರೆ ತುಣುಕು ಅದೇ, ಕೋಣೆ ಅದೇ, ತುಣುಕಿನ ಆರಂಭದ ಬೆಚ್ಚಿಕೆಯೂ ಕೊನೆಯ ದಣಿವೂ ಅವೇ. ನಿಜ ಜೋಡಿಗಳ ಹೊಂದಿಕೆ ಈ ಹುಸಿ ಜೋಡಿಗಳ ಹೊಂದಿಕೆಗಿಂತ ಹೆಚ್ಚಾಗಿದ್ದರೆ ಮಾತ್ರ ಮುಂದೆ ಮಾತನಾಡಬಹುದು. ಪ್ರತಿ ತುಣುಕನ್ನು ಅದೇ ತುಣುಕಿನೊಂದಿಗೆ, ಅದೇ ಕಾಲದಿಂದ ಹೊಂದಿಸಿ ಸೇರಿಸಬೇಕು. ತುಣುಕುಗಳನ್ನು ಕಲಸಿಬಿಟ್ಟರೆ ಪರೀಕ್ಷೆ ದುರ್ಬಲವಾಗುತ್ತದೆ.

ಹೋಲಿಕೆಗಳ ಸಂಖ್ಯೆಯ ಬಗ್ಗೆಯೂ ಎಚ್ಚರ ಬೇಕು. ಒಬ್ಬರ 32 ಚಾನೆಲ್‌ಗಳನ್ನು ಇನ್ನೊಬ್ಬರ 32ರೊಂದಿಗೆ ಹೋಲಿಸಿದರೆ 1,024 ಜೋಡಣೆಗಳು. ನಾಲ್ಕು ಪಟ್ಟಿಗಳಲ್ಲಿ 4,096. ಯಾವ ಸಂಬಂಧವೂ ಇಲ್ಲದಿದ್ದರೂ 0.05ರ ಮಟ್ಟದಲ್ಲಿ ಇವುಗಳಲ್ಲಿ ಸುಮಾರು 205 ಜೋಡಣೆಗಳು ಮಹತ್ವದವೆಂದು ತೋರುತ್ತವೆ, ಮತ್ತು ಅವನ್ನು ಎರಡು ತಲೆಗಳ ಚಿತ್ರದ ನಡುವೆ ಬಣ್ಣದ ಗೆರೆಗಳಾಗಿ ಎಳೆದರೆ ನೋಡಲು ಬಹಳ ಮನವೊಪ್ಪುವಂತಿರುತ್ತದೆ. ಮುಂಭಾಗ, ಮಧ್ಯಭಾಗ, ಹಿಂಭಾಗವೆಂದು ಮೂರು ಪ್ರದೇಶಗಳನ್ನೂ ಒಂದೆರಡು ಪಟ್ಟಿಗಳನ್ನೂ ದಾಖಲೆ ಆರಂಭಿಸುವ ಮೊದಲೇ ಆರಿಸಿ, ಓಎಸ್‌ಎಫ್‌ನಂಥ ತಾಣದಲ್ಲಿ ಪೂರ್ವನೋಂದಣಿ ಮಾಡಿಸಿ, ಅಂದರೆ ನಿಮ್ಮ ಯೋಜನೆಯನ್ನು ಮೊದಲೇ ಬರೆದು ದಾಖಲಿಸಿಡಿ. ಲೆಕ್ಕದ ಘಟಕ ವ್ಯಕ್ತಿಯಲ್ಲ, ಜೋಡಿ: 30 ಜೋಡಿಗಳಿದ್ದರೆ ನಿಮ್ಮ ಮಾದರಿಯ ಗಾತ್ರ 30, 60 ಅಲ್ಲ. ಜೋಡಿಯನ್ನೂ ತುಣುಕನ್ನೂ ಯಾದೃಚ್ಛಿಕ ಅಂಶಗಳಾಗಿಟ್ಟ ಮಿಶ್ರ ಮಾದರಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಯಾವ ತುಣುಕಿನಲ್ಲಿ ಇಬ್ಬರ ಅಲೆಗಳು ಹೆಚ್ಚು ಹೊಂದಿದವೋ, ಅದೇ ತುಣುಕಿನಲ್ಲಿ ಮುಖ ನೋಡುವವರು ತಮ್ಮ ಸ್ವಂತ ಭಾವಕ್ಕೆ ಕೊಟ್ಟ ಅಂಕಿಯೂ ತುಣುಕು ನೋಡುವವರ ಅಂಕಿಗೆ ಹೆಚ್ಚು ಹತ್ತಿರವಾಯಿತೇ? ಮುಖ ಮಸುಕಾಗಿದ್ದಾಗ ಈ ಸಂಬಂಧ ಕುಸಿಯಿತೇ ಎಂಬುದನ್ನೂ ಅದೇ ಮಾದರಿಯಲ್ಲಿ ನೋಡಬಹುದು.

ಫಲಿತಾಂಶವನ್ನು ಬರೆಯುವಾಗ

ಇಷ್ಟೆಲ್ಲ ಪರೀಕ್ಷೆಗಳನ್ನು ದಾಟಿದ ಹೊಂದಿಕೆಯೂ ಕಾರಣವನ್ನು ಸಾಬೀತು ಮಾಡುವುದಿಲ್ಲ. ಜಾಕೊಮೊ ನೊವೆಂಬ್ರೆ ಮತ್ತು ಜಾನ್‌ದೊಮೆನಿಕೊ ಯನ್ನೆಟ್ಟಿ 2021ರಲ್ಲಿ ವಾದಿಸಿದಂತೆ, ಹೊಂದಿಕೆಯೇ ವರ್ತನೆಗೆ ಕಾರಣವೆಂದು ಹೇಳಬೇಕಾದರೆ ಎರಡೂ ಮಿದುಳುಗಳನ್ನು ಹೊರಗಿನಿಂದ ಪ್ರಚೋದಿಸಿ ಹೊಂದಿಕೆಯನ್ನೇ ಬದಲಾಯಿಸಿ ನೋಡಬೇಕಾಗುತ್ತದೆ. ಆದ್ದರಿಂದ ಮುಖ ಕಾಣುತ್ತಿದ್ದಾಗ, ಹುಸಿ ಜೋಡಿಗಳಿಗಿಂತ ಇಷ್ಟು ಹೆಚ್ಚಾಗಿ, ಇಷ್ಟು ಸೆಕೆಂಡುಗಳ ಅಂತರದಲ್ಲಿ ಆಲ್ಫಾ ಬಲ ಹಿಂಬಾಲಿಸಿತು ಮತ್ತು ಅದು ಸ್ವಂತ ಭಾವದ ಅಂಕಿಯೊಂದಿಗೆ ಈ ಪ್ರಮಾಣದಲ್ಲಿ ಸಂಬಂಧ ಹೊಂದಿತ್ತು ಎಂಬ ಬಗೆಯ ವಾಕ್ಯವನ್ನೇ ಬರೆಯಿರಿ. ಕೈಬಿಟ್ಟ ಜೋಡಿಗಳೆಷ್ಟು, ಯಾಕೆ ಕೈಬಿಟ್ಟಿರಿ, ಎಷ್ಟು ಸೆಕೆಂಡುಗಳ ದಾಖಲೆ ನಗುವಿನಿಂದ ಹೋಯಿತು, ಗಡಿಯಾರಗಳ ಅಂತರ ಎಷ್ಟಿತ್ತು, ಉಪ್ಪುನೀರಿನ ಟವೆಲ್‌ಗಳ ನಡುವೆ ಎಷ್ಟು ಹೊಂದಿಕೆ ಬಂತು ಎಂಬ ಅಂಕಿಗಳು ವಿಧಾನದ ಭಾಗದಲ್ಲಿಯೇ ಇರಲಿ. ಮುಖದ ವಿಡಿಯೋಗಳನ್ನು ತೆಗೆದುಹಾಕಿ, ಹೆಸರುಗಳ ಬದಲು ಸಂಕೇತಗಳನ್ನಿಟ್ಟು, ಶುದ್ಧಗೊಳಿಸದ ಮೂಲ ಇಇಜಿಯನ್ನು ಬಿಡ್ಸ್ ಎಂಬ, ಮಿದುಳಿನ ದತ್ತಾಂಶವನ್ನು ಜೋಡಿಸಿಡುವ ಪ್ರಮಾಣಿತ ವಿನ್ಯಾಸದಲ್ಲಿ ಜೋಡಿಸಿ, ಒಪ್ಪಿಗೆ ಪತ್ರದಲ್ಲಿ ಅವಕಾಶವಿದ್ದರೆ ಇತರರಿಗೂ ಸಿಗುವಂತೆ ಇಡಿ. ಹುಸಿ ಜೋಡಿಗಳನ್ನು ಕಟ್ಟಿದ ಕೋಡ್ ಕೂಡ ಅದರ ಜೊತೆಯಲ್ಲಿರಬೇಕು, ಏಕೆಂದರೆ ಬೇರೆ ಪ್ರಯೋಗಾಲಯದವರು ಮೊದಲು ಪರಿಶೀಲಿಸಬೇಕಾದದ್ದು ಅದನ್ನೇ.